ಮೂರು ಎನ್.ಜಿ. ಡಬ್ಬಿಗಳ ಕಳವು

೧೯೯೯ರ ಸೆಪ್ಟೆಂಬರ್ ೧೪, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಚೆನ್ನೈನ ಸಾಲಿಗ್ರಾಮಂನ ಭಾರ್ಗವಿ ಕಲರ್ ಲ್ಯಾಬಿನ ಮ್ಯಾನೇಜರೂ ಒಬ್ಬ ಸಿನಿಮಾ ನಿರ್ದೇಶಕನೂ ಠಾಣೆಗೆ ಬಂದರು. ಕಾಲು ಗಂಟೆ ಒಬ್ಬರ ಮೇಲೊಬ್ಬರು ಹರಿಹಾಯ್ದು, ಕಡೆಗೆ ಒಂದೇ ದೂರಿಗೆ ಇಬ್ಬರೂ ಸಹಿ ಹಾಕಿದರು.

ಇನ್ಸ್‌ಪೆಕ್ಟರ್ ಹನುಮಂತಯ್ಯ ಹೊಸೂರು ಕಡೆಯವರು. ಇಪ್ಪತ್ತೆರಡು ವರ್ಷದ ಚೆನ್ನೈ ವಾಸದಲ್ಲಿ ಅವರ ಕನ್ನಡಕ್ಕೆ ತಮಿಳು ಚೆನ್ನಾಗಿಯೇ ಮೆತ್ತಿಕೊಂಡಿತ್ತು. ಆದರೂ ಕನ್ನಡದವರ ದೂರು ಯಾವುದೇ ಬರಲಿ, ಅದು ಅವರ ಮೇಜಿಗೇ ಬಂದು ಬೀಳುತ್ತಿತ್ತು.

"ಏನು ಹೋಯ್ತು?"

"ಮೂರು ಡಬ್ಬಿ ನೆಗೆಟಿವ್ ಸರ್," ಎಂದ ನಿರ್ದೇಶಕ ಅಭಿಲಾಷ್. ಮೈಸೂರಿನವನು, ಮೂವತ್ತು ದಾಟಿರಲಿಲ್ಲ. ತೆಗೆಯುತ್ತಿದ್ದದ್ದು 'ಶುಕ್ರಲೋಕಕ್ಕೆ ಏಣಿ' ಎಂಬ ಬಾಹ್ಯಾಕಾಶದ ಸಾಹಸಚಿತ್ರ. ರಾಕೆಟ್ಟು ಥರ್ಮೋಕೋಲಿನದು, ಅದರ ಕಿಟಕಿಗಳು ಇಡ್ಲಿ ತಟ್ಟೆಗಳು. ಇಷ್ಟು ಹೇಳಿದರೆ ಬಂಡವಾಳದ ಬಗ್ಗೆ ಬೇರೆ ಹೇಳಬೇಕಾಗಿಲ್ಲ. "ಮೂರರ ಮೇಲೂ ಎನ್.ಜಿ. ಅಂತ ಬರೆದಿತ್ತು."

"ಅಂದ್ರೆ?"

"ಬೇಡ ಅಂತ ಪಕ್ಕಕ್ಕಿಟ್ಟ ಟೇಕುಗಳು. ಸರಿಯಾಗಿ ಬಂದದ್ದೆಲ್ಲ ಓಕೆ ಡಬ್ಬಿಗಳಲ್ಲಿರುತ್ತೆ. ಅವು ಹಾಗೇ ಇವೆ."

"ಕಸ ಕದಿಯೋಕೆ ಯಾರಪ್ಪಾ ಬರ್ತಾರೆ?"

"ನನಗದು ಕಸ ಅಲ್ಲ ಸರ್. ಹೀರೋ ತೀರಿಕೊಂಡುಬಿಟ್ಟ. ಎಲ್ಲಾದರೂ ಕಮ್ಮಿ ಬಿದ್ದರೆ ಅದರಿಂದಲೇ ತೇಪೆ ಹಾಕಬೇಕಿತ್ತು."

ಹನುಮಂತಯ್ಯನವರ ಪೆನ್ನು ನಿಂತಿತು. ಆ ಹೀರೋನ ಶವದ ಪಂಚನಾಮೆ ಮಾಡಿದ್ದು ಅವರೇ. ಏಪ್ರಿಲ್ ೨೨ರಂದು, ಶೂಟಿಂಗಿನಲ್ಲಿ ಗಗನಯಾತ್ರಿಯ ವೇಷ ತೊಟ್ಟು ಹಗ್ಗಕ್ಕೆ ತೂಗಾಡುತ್ತಿದ್ದ ಇಪ್ಪತ್ಮೂರು ವರ್ಷದ ಸೂರಜ್ ಮೂವತ್ತೈದು ಅಡಿ ಎತ್ತರದಿಂದ ಬಿದ್ದಿದ್ದ. ಉಕ್ಕಿನ ತಂತಿ ಇರಬೇಕಾದಲ್ಲಿ ನೈಲಾನ್ ಹಗ್ಗ ಕಟ್ಟಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ಯಾರ ಮೇಲೂ ಸಂಶಯವಿಲ್ಲ ಎಂದು ತಂದೆಯೂ ಸಹಿ ಹಾಕಿದ ಮೇಲೆ, ಆಕಸ್ಮಿಕ ಸಾವೆಂದು ಹನ್ನೊಂದೇ ದಿನದಲ್ಲಿ ಫೈಲು ಮುಚ್ಚಿದ್ದರು. ತಾವೇ ಹಾಕಿಸಿಕೊಂಡ ಆ ಸಹಿಯ ನೆನಪಾದಾಗಲೆಲ್ಲ ಅವರಿಗೆ ತಮ್ಮ ಮೇಲೇ ಸಿಟ್ಟು ಬರುತ್ತಿತ್ತು.

ಐಪಿಸಿ ೩೮೦ರ ಅಡಿ ಕಳ್ಳತನದ ಎಫ್‌ಐಆರ್ ಆಯಿತು. ಹನ್ನೊಂದು ಮುಕ್ಕಾಲಿಗೆ ಹೆಡ್ ಕಾನ್ಸ್‌ಟೇಬಲ್ ಜಯಲಕ್ಷ್ಮಿಯವರ ಜೊತೆ ಲ್ಯಾಬಿನಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ನೆಗೆಟಿವ್ ಇಡುವ ತಣ್ಣನೆಯ ಕೋಣೆಯ ಬೀಗ ಒಡೆದಿರಲಿಲ್ಲ. ಅದರ ಕೀಲಿ ಮ್ಯಾನೇಜರ ಕುರ್ಚಿಯ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಊಟದ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ. ಗೇಟಿನ ರಿಜಿಸ್ಟರಿನಲ್ಲಿ ಎರಡು ದಿನಕ್ಕೆ ನಲವತ್ತೊಂದು ಹೆಸರು. ಜಯಲಕ್ಷ್ಮಿ ಒಬ್ಬೊಬ್ಬರನ್ನೇ ಕರೆದು ಗೋಳು ಹೊಯ್ದುಕೊಂಡರು. ಒಬ್ಬರ ಮೇಲೂ ಬೆರಳಿಡುವಂತಿರಲಿಲ್ಲ.

ಒಂದು ಗಂಟೆಗೆ ಗೇಟು ತೆರೆದು ಒಂದು ಆಟೋ ಸೀದಾ ಒಳಗೆ ಬಂತು. ಅನ್ನ, ಸಾಂಬಾರಿನ ದೊಡ್ಡ ಪಾತ್ರೆಗಳು ಇಳಿದವು. ವಾಚ್‌ಮನ್ ರಿಜಿಸ್ಟರು ಮುಟ್ಟಲಿಲ್ಲ.

"ಇವರ ಹೆಸರು ಬರೆಯಲ್ವಾ?" ಹನುಮಂತಯ್ಯ ಕೇಳಿದರು.

"ಅದು ಊಟ ಸಾರ್," ಎಂದ ವಾಚ್‌ಮನ್, ಇದನ್ನೂ ಹೇಳಬೇಕೇ ಎಂಬಂತೆ.

ಪಾತ್ರೆಗಳ ಹಿಂದಿನಿಂದ ಇಳಿದವರು ಪಕ್ಕದ ಬೀದಿಯ ಸಸ್ಯಾಹಾರಿ ಹೋಟೆಲಿನ ಮೋನಪ್ಪ. ಸೂರಜ್‌ನ ತಂದೆ. ಹನುಮಂತಯ್ಯನವರನ್ನು ನೋಡಿ ಕೈಮುಗಿದರು.

"ಊಟ ಆಯ್ತಾ ಸಾರ್? ಎಲೆ ಹಾಕ್ಲಾ?"

ಕದ್ದವರು ಯಾರೆಂಬುದು ಹನುಮಂತಯ್ಯನವರಿಗೆ ಆ ಕ್ಷಣವೇ ಗೊತ್ತಾಗಿತ್ತು. ಗೊತ್ತಾಗದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತು.

ಮೂರೂವರೆಗೆ ಹೋಟೆಲಿನ ಶೋಧ. ಅಡುಗೆಮನೆಯ ಕಪಾಟಿನಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ ಮೂರು ಚಪ್ಪಟೆ ದುಂಡು ಡಬ್ಬಿಗಳಲ್ಲಿದ್ದವು. ಜಯಲಕ್ಷ್ಮಿ ಸಾಸಿವೆ ಸುರಿದು ಡಬ್ಬಿ ಮಗುಚಿದರು. ತಳದಲ್ಲಿ ಲ್ಯಾಬಿನ ನಂಬರಿತ್ತು.

"ಒಳ್ಳೆ ಡಬ್ಬಿ ಸಾರ್, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ," ಎಂದರು ಮೋನಪ್ಪ. ಸುಳ್ಳು ಹೇಳುವ ಯೋಚನೆಯೇ ಅವರಿಗಿದ್ದಂತೆ ಕಾಣಲಿಲ್ಲ.

"ಒಳಗಿದ್ದದ್ದು?"

"ಒಲೆಗೆ ಹಾಕಿದೆ. ಭಾರೀ ಹೊಗೆ ಬಂತು."

ನಾಲ್ಕು ಹತ್ತಕ್ಕೆ ದಸ್ತಗಿರಿ. ಹೆಂಡತಿ ರತ್ನಾವತಿ ಗಲ್ಲಾದ ಹಿಂದೆ ಕಲ್ಲಾಗಿ ನಿಂತಿದ್ದರು. ಠಾಣೆಯಲ್ಲಿ ಹೇಳಿಕೆ ಬರೆದುಕೊಂಡದ್ದು ಹನುಮಂತಯ್ಯನವರೇ.

"ಯಾಕೆ ತೆಗೆದ್ರಿ?"

"ಅವ ಬೀಳುವಾಗ ಕ್ಯಾಮೆರಾ ನಡೀತಾ ಇತ್ತಂತೆ. ಲ್ಯಾಬಿನವರು ಉಣ್ಣುವಾಗ ಮಾತಾಡಿದ್ದು ಕೇಳಿದೆ. ಅದು ಟಾಕೀಸಿಗೆ ಬಂದ್ರೆ ಜನ ಚಪ್ಪಾಳೆ ಹೊಡೀತಾರೆ ಸಾರ್. ನನ್ನ ಮಗ ಸಾಯುವುದಕ್ಕೆ ಚಪ್ಪಾಳೆ."

"ಈ ಡಬ್ಬಿಗಳೇ ಅಂತ ಹೆಂಗೆ ಗೊತ್ತಾಯ್ತು?"

"ಎನ್.ಜಿ. ಅಂದ್ರೆ ಎಂತ ಅಂತ ಕೇಳಿದೆ. ಕೆಟ್ಟದ್ದು, ಆಗಬಾರದಿತ್ತು ಅಂತ ತೆಗೆದಿಟ್ಟದ್ದು ಅಂದ್ರು." ಮೋನಪ್ಪ ತಲೆ ಎತ್ತಿದರು. "ಇದಕ್ಕಿಂತ ಆಗಬಾರದ್ದು ಬೇರೆ ಎಂತ ಉಂಟು? ಈಗ ಯಾರೂ ನೋಡುವ ಹಾಗಿಲ್ಲ. ಜೈಲಾದ್ರೂ ಅಡ್ಡಿಯಿಲ್ಲ."

ಹನುಮಂತಯ್ಯ ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು.

ಐದು ಮುಕ್ಕಾಲಿಗೆ ಡಬ್ಬಿ ಗುರುತಿಸಲು ಲ್ಯಾಬಿನ ನೆಗೆಟಿವ್ ಕಟರ್ ಗುಣವತಿ ಬಂದರು. ಬಿಳಿ ಕೈಗವಸು ಹಾಕಿ ಆ ಚಿತ್ರದ ಪ್ರತಿ ಅಡಿಯನ್ನೂ ಕೈಯಲ್ಲಿ ಹಿಡಿದು ನೋಡಿದ್ದವರು ಆಕೆ ಒಬ್ಬರೇ. ಬೆಂಚಿನ ಮೇಲೆ ಕೂತಿದ್ದ ಊಟದ ಮೋನಪ್ಪನವರೇ ಸೂರಜ್‌ನ ತಂದೆಯೆಂದು ಆಕೆಗೆ ಗೊತ್ತಿರಲಿಲ್ಲ. ಆಕೆಯನ್ನು ಬೇರೆ ಕೋಣೆಗೆ ಕರೆಯಬೇಕೆಂದು ಹನುಮಂತಯ್ಯನವರಿಗೆ ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು.

"ಇವೇ ಸಾರ್. ಅಯ್ಯೋ, ಪಾವಂ ಆ ಹೀರೋ ತಂಬಿ! ಡೈಲಾಗ್ ಮರೆತು ನಗೋದು, ನಾಲಿಗೆ ಕಚ್ಕೊಳ್ಳೋದು, ಹೆಲ್ಮೆಟ್ ತೆಗೆದು ಯಾರಿಗೋ 'ಅಪ್ಪಾ, ಊಟ ತಂದ್ಯಾ' ಅಂತ ಬಾಯಾಡಿಸಿ ಕೈ ಬೀಸೋದು. ಎಲ್ಲ ಇದರಲ್ಲೇ ಇತ್ತು. ಕತ್ತರಿಸುವಾಗ ನಾನೂ ಸುಮ್ಮಾ ನಗ್ತಿದ್ದೆ."

ಮೋನಪ್ಪ ಎದ್ದು ನಿಂತರು.

"ಮತ್ತೆ, ಬಿದ್ದದ್ದು?"

"ಅದು ಓಕೆ ಡಬ್ಬಿಯಲ್ಲಿದೆ. ಡೈರೆಕ್ಟರೇ ಓಕೆ ಹಾಕಿಸಿದ್ರು. ಅದೇ ಕ್ಲೈಮ್ಯಾಕ್ಸ್ ಅಲ್ವಾ," ಎಂದರು ಗುಣವತಿ. ಹನುಮಂತಯ್ಯನವರ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಮೋನಪ್ಪ ಹನುಮಂತಯ್ಯನವರ ಕಡೆ ತಿರುಗಿದರು.

"ಅದನ್ನು ನಿಲ್ಲಿಸ್ಲಿಕ್ಕೆ ಆಗ್ತದಾ ಸಾರ್?"

ಸೂರಜ್‌ನ ಸಾವಿನ ಫೈಲು ಮತ್ತೆ ತೆಗೆಸಿದರೆ ಆ ಓಕೆ ಡಬ್ಬಿಯನ್ನು ಸಾಕ್ಷ್ಯವೆಂದು ವಶಪಡಿಸಿಕೊಳ್ಳಬಹುದಿತ್ತು; ಹನುಮಂತಯ್ಯ ಮೇಲಧಿಕಾರಿಗೆ ಫೋನು ಹಚ್ಚಿದರು. ಆ ಕಡೆಯಿಂದ ಬಂದದ್ದು ಎರಡೇ ಮಾತು. ಸತ್ತವನ ತಂದೆಯೇ ಸಂಶಯವಿಲ್ಲವೆಂದು ಬರೆದುಕೊಟ್ಟಿದ್ದಾನೆ. ಅದೇ ತಂದೆ ಈಗ ಕಳ್ಳತನದ ಆರೋಪಿ, ಅವನ ಮಾತಿಗೆ ಇನ್ನೇನು ಬೆಲೆ?

ಅವರು ಫೋನಿಟ್ಟು ಬಂದು ಆಗುವುದಿಲ್ಲ ಎಂದರು. ಸುತ್ತಿಬಳಸಿ ಹೇಳಲು ನಾಚಿಕೆಯಾಯಿತು.

ಸಂಜೆ ಆರೂವರೆಗೆ ಕೇಸ್ ಡೈರಿ ಬರೆದು ಮುಗಿಸಿದರು. ಉದ್ದೇಶ ಎಂಬಲ್ಲಿ ಹೀಗಿತ್ತು: 'ಆರೋಪಿಗೆ ಲಾಭದ ಆಸೆ ಇರಲಿಲ್ಲ. ಮಗನ ಸಾವನ್ನು ಜನ ನೋಡದಿರಲೆಂದು ಡಬ್ಬಿ ಕದ್ದು ಸುಟ್ಟಿದ್ದಾನೆ. ಸುಟ್ಟುಹೋದದ್ದು ಮಗ ನಕ್ಕದ್ದು.' ಕಡೆಯ ವಾಕ್ಯ ಡೈರಿಗೆ ಸೇರತಕ್ಕದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಹೊಡೆದುಹಾಕಲಿಲ್ಲ.

ಲಾಕಪ್ಪಿನಿಂದ ಮೋನಪ್ಪ ಕರೆದರು.

"ಸಾರ್, ಕೈ ಬೀಸಿದ ಅಂದ್ರಲ್ಲ ಆ ಅಮ್ಮ. ಯಾವ ಕೈ, ಬಲದ್ದೋ ಎಡದ್ದೋ, ಒಮ್ಮೆ ಕೇಳ್ತೀರಾ?"

ಗುಣವತಿ ಆಗಲೇ ಬಸ್ಸು ಹತ್ತಿ ಹೋಗಿದ್ದರು.