ಕಂಬದ ಹಿಂದಿನ ಎರಡು ಸೀಟು

ಅವನು ಕೂತಿದ್ದು ಅವಳ ಅಪ್ಪನ ಸೀಟಿನಲ್ಲಿ. ಅವನ ತಪ್ಪು ಅಷ್ಟೇ. ಆದರೆ ಮೊದಲ ದಿನ, ಅದಕ್ಕಿಂತ ದೊಡ್ಡ ತಪ್ಪು ಲೋಕದಲ್ಲೇ ಇಲ್ಲ ಎಂದು ಅವಳಿಗೆ ಅನ್ನಿಸಿತ್ತು.

ಫುಟ್‌ಬಾಲ್ ಸ್ಟೇಡಿಯಂನ ಪೂರ್ವದ ಗ್ಯಾಲರಿಯಲ್ಲಿ, ತುತ್ತತುದಿಯ ಸಾಲಿನಲ್ಲಿ, ಫ್ರಾಕ್ ತೊಡುವ ಕಾಲದಿಂದಲೂ ಅಪ್ಪನ ಪಕ್ಕ ಕೂತು ಬೆಳೆದವಳು ಅವಳು. ಅಪ್ಪನ ಎರಡೂ ಕಾಲು ಸ್ವಾಧೀನ ತಪ್ಪಿ, ಮನೆಗೆ ಗಾಲಿಕುರ್ಚಿ ಬಂದ ವರ್ಷ ಅವರೇ ಕ್ಲಬ್ಬಿಗೆ ಫೋನ್ ಮಾಡಿ, "ನನ್ನ ಸೀಟು ಬೇರೆ ಯಾರಿಗಾದ್ರೂ ಕೊಡಿ" ಅಂದುಬಿಟ್ಟಿದ್ದರು.

ಆ ಬೇರೆ ಯಾರೋ, ಇವನು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಉದ್ದ ಕಾಲು, ಮೂಗಿನ ಮೇಲೂ ಒಂದು ಕನ್ನಡಕ, ಕುತ್ತಿಗೆಗೆ ಕ್ಲಬ್ಬಿನ ನೀಲಿ ಮಫ್ಲರ್, ಬಾಯಿ ತುಂಬ ಮಾತು.

"ಇಲ್ಲಿಂದ ಎಡಗಡೆ ಕಾರ್ನರ್ ಕಾಣಲ್ವಲ್ಲ?" ಎಂದು ಕೇಳಿದ್ದ.

"ಕಂಬ ಇದೆ."

"ಅದು ಗೊತ್ತಾಯ್ತು. ಮತ್ತೆ ನೋಡೋದು ಹೇಗೆ?"

"ಬಗ್ಗಿ."

"ಯಾವ ಕಡೆಗೆ?"

ಅವಳು ಮೈದಾನದ ಕಡೆ ಮುಖ ತಿರುಗಿಸಿದಳು. ಬಗ್ಗಬೇಕಾಗಿದ್ದು ಅವಳ ಕಡೆಗೇ.

ಮೊದಲ ತಿಂಗಳು, ಎಡಗಡೆಯಿಂದ ಕಾರ್ನರ್ ಕಿಕ್ ಬಂದಾಗಲೆಲ್ಲ ಅವಳು ಬೆನ್ನು ಹಿಂದಕ್ಕೆ ಒತ್ತಿ ಜಾಗ ಬಿಡುತ್ತಿದ್ದಳು. ಆಮೇಲೆ ಸ್ವಲ್ಪವೇ ಸರಿಯುತ್ತಿದ್ದಳು. ಎರಡನೇ ಸೀಸನ್ನಿನ ಹೊತ್ತಿಗೆ ಸರಿಯುವುದೇ ಮರೆತುಹೋಗಿತ್ತು. ಅವನ ಭುಜ ಬಂದು ಅವಳ ಭುಜಕ್ಕೆ ತಾಗುವುದು, ಚೆಂಡು ಗಾಳಿಯಲ್ಲಿ ತೇಲುವುದು, ಸಾವಿರಾರು ಜನ ಒಟ್ಟಿಗೇ ಉಸಿರು ಹಿಡಿಯುವುದು. ಆ ಒಂದು ಕ್ಷಣದಲ್ಲಿ ಮಧ್ಯಾಹ್ನದ ಬಿಸಿಲು ಕೂಡ ನಿಂತು ನೋಡುವಂತಿರುತ್ತಿತ್ತು. ತಮ್ಮ ತಂಡಕ್ಕೆ ಕಾರ್ನರ್ ಸಿಗಲಿ ಎಂದು ಅವಳಷ್ಟು ಮನಸ್ಸಿಟ್ಟು ಬೇಡಿಕೊಂಡವರು ಆ ಗ್ಯಾಲರಿಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಅವಳು ಪಶುವೈದ್ಯೆ. ಕೈಮೇಲೆ ಸದಾ ಗೀರು. ಅವನ ಮಾತು ಶುರುವಾಗುವುದೇ ಅಲ್ಲಿಂದ.

"ಇವತ್ತು ಯಾರು ಪರಚಿದ್ದು, ಡಾಕ್ಟ್ರೇ?"

"ಒಂದು ಮೊಲ."

"ಮೊಲನಾ! ಮೊಲಕ್ಕೂ ಸಿಟ್ಟು ಬರ್ಸಿದೀರಾ?"

"ಅದಕ್ಕೂ ನಿಮ್ಮ ಹಾಗೆ ಸುಮ್ನೆ ಕೂರೋಕೆ ಬರಲ್ಲ."

ಅವನು ಅಂಗಡಿಯ ಕಥೆ ಹೇಳುತ್ತಿದ್ದ. ಗೋಡೆ ಮೇಲಿನ ಅಕ್ಷರ ಕಾಣದಿದ್ದರೂ ಕಾಣುತ್ತದೆ ಎಂದು ಸುಳ್ಳು ಹೇಳುವವರು, ಬರೇ ಚೆಂದಕ್ಕೆ ಕನ್ನಡಕ ಕೇಳುವವರು. ಹೇಳುತ್ತಾ ಹೇಳುತ್ತಾ ಮೈದಾನ ಮರೆಯುತ್ತಿದ್ದ. ಒಮ್ಮೆ ಗೋಲ್ ಆಗಿ ಇಡೀ ಗ್ಯಾಲರಿ ಎದ್ದು ಕುಣಿಯಿತು. ಕಿರುಚಿ ಕಿರುಚಿ ಅವಳ ಗಂಟಲು ಕಟ್ಟಿತು. ತಿರುಗಿ ನೋಡಿದರೆ ಅವನು ಅವಳನ್ನೇ ನೋಡುತ್ತಿದ್ದ.

"ಗೋಲ್ ನೋಡಿದ್ರಾ?"

"ಓ, ನೋಡ್ದೆ."

"ಯಾರು ಹೊಡೆದಿದ್ದು?"

ಅವನು ಮಫ್ಲರ್ ಸರಿಮಾಡಿಕೊಂಡ. ಕಿವಿ ಕೆಂಪಾಯಿತು. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಳು. ಅಷ್ಟಾದರೂ, ತಾನು ಕೂತಿರುವುದು ಯಾರ ಸೀಟು ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

*

ಮೂರನೇ ಸೀಸನ್ ಅರ್ಧಕ್ಕೆ ಬಂದಾಗ ಕ್ಲಬ್ಬಿನವರು ಸುದ್ದಿ ಕೊಟ್ಟರು. ಸ್ಟೇಡಿಯಂ ಹಳೆಯದಾಗಿದೆ, ಸಾಲುತ್ತಿಲ್ಲ. ಒಂದೋ ಇದ್ದಲ್ಲೇ ದೊಡ್ಡದು ಮಾಡಬೇಕು, ಇಲ್ಲವೇ ಊರಾಚೆ ಹೈವೇ ಪಕ್ಕ ಹೊಸದು ಕಟ್ಟಬೇಕು. ಅಭಿಮಾನಿಗಳು ವೋಟು ಹಾಕಿ ಹೇಳಲಿ.

ಚರ್ಚೆಗೆ ಒಂದು ಶಾಲೆಯ ಹಾಲ್ ಸಿಕ್ಕಿತು. ಅಭಿಮಾನಿ ಸಂಘದ ಅಧ್ಯಕ್ಷರು ರಿಟೈರ್ಡ್ ಬಸ್ ಡ್ರೈವರ್. ಗಲಾಟೆ ಹೆಚ್ಚಾದಾಗಲೆಲ್ಲ ಪೀಪಿ ಊದುತ್ತಿದ್ದರು.

"ಹೊಸ ಕಡೆ ಪಾರ್ಕಿಂಗ್ ಇರುತ್ತೆ!"

"ಪಾರ್ಕಿಂಗ್ ನೋಡೋಕೆ ಟಿಕೆಟ್ ತಗೋತೀಯೇನಪ್ಪಾ?"

"ಹಾಫ್ ಟೈಮ್‌ನಲ್ಲಿ ಹೆಂಗಸರ ಟಾಯ್ಲೆಟ್ ಕ್ಯೂ ನೋಡಿದೀರಾ ಯಾರಾದ್ರೂ? ನಾನು ವಾಪಸ್ ಬರೋ ಹೊತ್ತಿಗೆ ಎರಡು ಗೋಲ್ ಆಗಿರುತ್ತೆ!"

ಅವನು ಎದ್ದು ನಿಂತ. ಹಾಲ್‌ನ ಈ ತುದಿಯಲ್ಲಿದ್ದ ಅವಳಿಗೆ, ಅವನನ್ನು ಎದುರಿನಿಂದ ನೋಡುತ್ತಿರುವುದು ಇದೇ ಮೊದಲು ಎಂದು ಹೊಳೆಯಿತು. ಇಷ್ಟು ದಿನ ನೋಡಿದ್ದೆಲ್ಲ ಪಕ್ಕದಿಂದ.

"ಈಗ ನಾವು ಮ್ಯಾಚಿಗೆ ನಡ್ಕೊಂಡು ಹೋಗ್ತೀವಿ," ಎಂದ ಅವನು. "ಸೋತ ದಿನ ಆ ಬೀದಿ ಉದ್ದಕ್ಕೂ ಗುರುತಿಲ್ಲದವರ ಜೊತೆ ಗೊಣಗ್ತಾ ಬರ್ತೀವಲ್ಲ, ಅದ್ರಿಂದಾನೇ ಸೋಲು ಅರಗೋದು. ಹೈವೇನಲ್ಲಿ ಯಾರ ಜೊತೆ ಗೊಣಗ್ಲಿ? ನನ್ನ ಸೀಟಿನ ಮುಂದೆ ಒಂದು ಕಂಬ ಇದೆ. ಅರ್ಧ ಮೈದಾನ ಕಾಣಲ್ಲ. ಆದ್ರೆ ನನಗೆ ಆ ಕಂಬನೂ ಬೇಕು." ಅವನ ಕಣ್ಣು ಅವಳನ್ನು ಹುಡುಕಿ ಬಂದು ನಿಂತಿತು. "ಆ ಸೀಟು ಬಿಟ್ಟು ನಾನೆಲ್ಲೂ ಹೋಗಲ್ಲ."

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅವಳ ಎದೆಯೊಳಗೆ ಏನೋ ಅರಳಿತು, ಮರುಕ್ಷಣವೇ ಚುಚ್ಚಿತು. ಅವಳು ಎದ್ದಳು. ಏಕೆ ಎದ್ದೆ ಎಂದು ತಿಳಿಯುವ ಮೊದಲೇ ಮೈಕು ಕೈಯಲ್ಲಿತ್ತು.

"ಕಂಬ ಚೆಂದ ಅನ್ನೋಕೆ ಮೊದಲು ಮೇಲೆ ಹತ್ತಬೇಕಲ್ಲ? ಅವರು ಕೂರೋ ಸೀಟು ನಮ್ಮಪ್ಪಂದು. ನಾನು ಹುಟ್ಟೋ ಮೊದಲಿಂದ ಅಲ್ಲಿ ಕೂತಿದ್ರು. ಈಗ ವೀಲ್‌ಚೇರ್‌ನಲ್ಲಿ, ಮನೇಲಿ, ರೇಡಿಯೋ ಪಕ್ಕ ಇರ್ತಾರೆ. ಹೊಸ ಸ್ಟೇಡಿಯಂಗೆ ಲಿಫ್ಟ್ ಇರುತ್ತಂತೆ. ನನ್ನ ವೋಟು ಅದಕ್ಕೆ."

ಸರಿಯಾದ ಕನ್ನಡಕ ಮೊದಲ ಸಲ ಹಾಕಿಕೊಂಡವರ ಮುಖದಂತಿತ್ತು ಅವನ ಮುಖ. ಎಲ್ಲ ಸ್ಪಷ್ಟ, ಎಲ್ಲ ತೀರಾ ಹತ್ತಿರ. ಅವಳು ಅಧ್ಯಕ್ಷರ ಕೈಗೆ ಮೈಕು ಕೊಟ್ಟು, ಚೀಲ ಎತ್ತಿಕೊಂಡು ಹೊರಗೆ ನಡೆದಳು.

*

ಮುಂದಿನ ಪಂದ್ಯಕ್ಕೆ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಪಕ್ಕದ ಸೀಟಿನ ಮೇಲೆ ಬಿಸಿಲು ಒಬ್ಬಂಟಿಯಾಗಿ ಕೂತಿತ್ತು. ಎಡಗಡೆಯಿಂದ ಕಾರ್ನರ್ ಕಿಕ್ ಬಂತು. ಅವಳು ಭುಜ ಅಲ್ಲೇ ಇಟ್ಟು ಕಾದಳು. ಯಾರೂ ಬಗ್ಗಲಿಲ್ಲ. ತಂಡ ಗೆದ್ದಿತು. ಮನೆಗೆ ಬಂದು ಅಪ್ಪನಿಗೆ ಸ್ಕೋರು ಹೇಳುವಾಗ ಅವಳ ಸ್ವರ ಸೋತವರದ್ದೇ ಆಗಿತ್ತು.

ಒಂದು ಬೆಳಿಗ್ಗೆ ಅವನು ಅವಳ ಕ್ಲಿನಿಕ್ಕಿಗೆ ಬಂದ. ತೋಳಿನಲ್ಲಿ ಒಂದು ದಪ್ಪ ಕಂದು ಬೆಕ್ಕು. ಅಕ್ಕನ ಬೆಕ್ಕಂತೆ. ಅವಳು ಕಣ್ಣು, ಕಿವಿ, ಹಲ್ಲು ನೋಡಿದಳು, ಹೊಟ್ಟೆ ಒತ್ತಿ ನೋಡಿದಳು. ಬೆಕ್ಕು ಸುಖವಾಗಿ ಗುರುಗುಟ್ಟಿತು.

"ಇದಕ್ಕೇನೂ ಆಗಿಲ್ಲ," ಎಂದಳು.

"ಇಲ್ಲ. ಆಗಿರೋದು ನನಗೆ."

ಅವಳು ತಲೆ ಎತ್ತಲಿಲ್ಲ. ಬೆಕ್ಕಿನ ಬೆನ್ನು ಸವರುತ್ತಲೇ ಇದ್ದಳು.

"ಮೊದಲೇ ಹೇಳಬಹುದಿತ್ತಲ್ವಾ, ಡಾಕ್ಟ್ರೇ? ಮೂರು ವರ್ಷ."

"ಹೇಳಿದ್ರೆ ನೀವು ಎದ್ದು ಹೋಗಿಬಿಡ್ತಿದ್ರಿ."

ಮಾತು ಬಾಯಿಂದ ಜಾರಿ ಹೋಗಿತ್ತು. ಇಬ್ಬರೂ ಬೆಕ್ಕನ್ನೇ ನೋಡಿದರು. ಅವನು ಮೆಲ್ಲಗೆ, "ನಿಮ್ಮಪ್ಪನ್ನ ಒಂದ್ಸಲ ನೋಡಬೇಕು. ಬರ್ಲಾ?" ಎಂದ.

*

ಭಾನುವಾರ ಬಂದ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ಕಿಟಕಿ ಪಕ್ಕ ಗಾಲಿಕುರ್ಚಿಯಲ್ಲಿದ್ದ ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ನೀನೇನಾ ನನ್ನ ಸೀಟಿನವನು? ಕಾಲು ಉದ್ದ ಇದೆ. ಮುಂದಿನ ಸಾಲಿನವರಿಗೆ ತಾಗಿಸ್ತೀಯಾ?"

"ಇಲ್ಲ ಸರ್. ಮಡಚ್ಕೊಂಡು ಕೂರ್ತೀನಿ."

"ಗುಡ್. ಕೂತ್ಕೋ."

ಅವನು ಕುರ್ಚಿಯ ತುದಿಯಲ್ಲಿ ಕೂತು, ಬಾಯಿಪಾಠ ಒಪ್ಪಿಸುವವನಂತೆ ಹೇಳಿದ. "ಸರ್, ನಾನು ಅವತ್ತು ತಿಳೀದೇ ಮಾತಾಡಿಬಿಟ್ಟೆ. ಈಗ ನನ್ನ ವೋಟು ಹೊಸ ಸ್ಟೇಡಿಯಂಗೆ. ನೀವು ಬರೋ ಹಾಗಿರಬೇಕು."

ಟೀ ತರುತ್ತಿದ್ದ ಅವಳು ಬಾಗಿಲಲ್ಲೇ ನಿಂತಳು. ಅಪ್ಪ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದರು.

"ಇಬ್ಬರಿಗೂ ತಲೆ ಕೆಟ್ಟಿದೆಯಾ? ನನ್ನ ಕಾಲು ಹೋಯ್ತು ಅಂತ ಸ್ಟೇಡಿಯಂ ಯಾಕೆ ಊರು ಬಿಡಬೇಕು? ನನ್ನನ್ನ ಒಂದು ಮಾತು ಕೇಳಿದ್ರಾ? ನಾನು ಹಳೇ ಜಾಗದ ಕಡೆ!"

"ಅಪ್ಪಾ, ನಿಮಗೆ ಹತ್ತೋಕೆ..."

"ಆಗಲ್ಲ. ಗೊತ್ತು." ಅವರ ದನಿ ಇಳಿಯಿತು. "ಎತ್ಕೊಂಡು ಹೋಗ್ತೀವಿ ಅಂತ ಸಂಘದವರು ನಾನು ಈ ಕುರ್ಚಿಗೆ ಬಿದ್ದ ಹೊಸದರಲ್ಲೇ ಬಂದಿದ್ರು. ನಾನೇ ಬೇಡ ಅಂದೆ. ನಾಲ್ಕು ಜನ ನನ್ನ ಹೊತ್ಕೊಂಡು ಹೋಗೋದನ್ನ ನೀನು ನೋಡ್ಬಾರದು ಅಂತ. ನಿನ್ನ ಕಣ್ಣಲ್ಲಿ ನಾನಿನ್ನೂ ಓಡಿ ಮೆಟ್ಟಿಲು ಹತ್ತೋ ಅಪ್ಪನೇ ಆಗಿರಬೇಕು ಅನ್ನೋ ಆಸೆ."

ಅವನು ಎದ್ದು, ಅವಳ ಕೈಯಿಂದ ಟ್ರೇ ತೆಗೆದುಕೊಂಡು ಮೇಜಿನ ಮೇಲಿಟ್ಟ. ಅವಳು ಅಪ್ಪನ ಮಂಡಿಯ ಬಳಿ ಕುಳಿತು, ಅವರ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಳು. ಬೀದಿಯಲ್ಲಿ ಒಂದು ಸೈಕಲ್ ಬೆಲ್ ಬಾರಿಸುತ್ತಾ ಹೋಯಿತು.

"ಲಿಫ್ಟ್ ಇಲ್ಲೇ ಹಾಕಿದ್ರೆ?" ಎಂದ ಅವನು ಕೊನೆಗೆ. "ಪೂರ್ವದ ಗ್ಯಾಲರಿ ಕೆಡವಿ ಹೊಸದಾಗಿ ಕಟ್ಟಿದ್ರೆ ಜಾಗನೂ ದೊಡ್ಡದಾಗುತ್ತೆ, ಸರ್ ಕೂಡ ಮೇಲೆ ಬರಬಹುದು."

"ಅಂದ್ರೆ ನಮ್ಮ ಗ್ಯಾಲರಿನೇ ಹೋಗುತ್ತೆ," ಎಂದಳು ಅವಳು.

"ಹೂಂ. ನಮ್ಮ ಸೀಟುಗಳೂ."

ಅವರ ನೋಟ ಸೇರಿತು. ಈ ಸಲ ಇಬ್ಬರೂ ಬೇಗ ತೆಗೆಯಲಿಲ್ಲ. ಅಪ್ಪ ಟೀಗೆ ಸಕ್ಕರೆ ಕಡಿಮೆ ಎಂದು ಕೆಮ್ಮಿದರು.

*

ಮುಂದಿನ ಸಭೆಯಲ್ಲಿ ಇಬ್ಬರೂ ಒಂದೇ ಬೆಂಚಿನಿಂದ ಎದ್ದು ಅದನ್ನೇ ಹೇಳಿದರು: ಇದ್ದಲ್ಲೇ ಇರೋಣ, ನಮ್ಮ ಗ್ಯಾಲರಿಯನ್ನೇ ಮೊದಲು ಕೆಡವಿ, ಲಿಫ್ಟ್ ಇಡಿ, ಹೆಂಗಸರಿಗೆ ಟಾಯ್ಲೆಟ್ ಕಟ್ಟಿ. ಟಾಯ್ಲೆಟ್ ಕ್ಯೂ ಬಗ್ಗೆ ಕೂಗಿದ್ದ ಹೆಂಗಸು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು. ಹೈವೇ ಕಡೆಯವರು ಕೊನೆಯವರೆಗೂ ಬಿಡಲಿಲ್ಲ. ವೋಟು ಕೂದಲೆಳೆಯ ಅಂತರದಲ್ಲಿ ಇವರ ಕಡೆ ಬಿತ್ತು. ಕ್ಲಬ್ಬು ಒಪ್ಪಿತು. ಮುಂದಿನ ಸೀಸನ್ ಪೂರ್ತಿ ಪಕ್ಕದ ಊರಿನ ಮೈದಾನದಲ್ಲಿ ಆಟ, ಅಷ್ಟರಲ್ಲಿ ಇಲ್ಲಿ ಕಟ್ಟಡ ಏಳಬೇಕು.

ಹಳೆಯ ಗ್ಯಾಲರಿಯ ಕೊನೆಯ ಪಂದ್ಯ ಡ್ರಾ ಆಯಿತು. ಸೀಟಿ ಊದಿದ ಮೇಲೆ ಗೇಟು ತೆರೆದು, ಬೇಕಾದವರು ಮೈದಾನಕ್ಕೆ ಇಳಿಯಬಹುದು ಎಂದರು. ಆಟಗಾರರು ಬರುವ ದಾರಿಯಿಂದ ಅಪ್ಪನ ಕುರ್ಚಿಯನ್ನು ಅವನು ತಳ್ಳಿಕೊಂಡು ಬಂದ. ಚಕ್ರಗಳು ಹುಲ್ಲಿಗೆ ಇಳಿದಾಗ ಅಪ್ಪ, "ಸಾಕು, ಬಿಡು. ನಾನೇ ಹೋಗ್ತೀನಿ," ಎಂದರು. ಎರಡೂ ಕೈಯಿಂದ ಚಕ್ರ ತಿರುಗಿಸುತ್ತಾ, ಯಾರನ್ನೂ ತಿರುಗಿ ನೋಡದೆ ಗೋಲಿನ ಕಡೆ ಹೊರಟರು.

ಅವರಿಬ್ಬರೂ ಮಧ್ಯದ ವೃತ್ತದಲ್ಲಿ ನಿಂತರು. ಇಳಿಬಿಸಿಲು ಹುಲ್ಲಿನ ಮೇಲೆ ಜೇನಿನ ಹಾಗೆ ಹರಡಿತ್ತು. ಅಪ್ಪ ಅಮ್ಮಂದಿರು, ಮಕ್ಕಳು, ಪೀಪಿ ಹಿಡಿದ ಅಧ್ಯಕ್ಷರು, ಎಲ್ಲರೂ ಕನಸಿನಲ್ಲಿ ನಡೆಯುವವರಂತೆ ಮೆಲ್ಲಗೆ ಓಡಾಡುತ್ತಿದ್ದರು. ಯಾರಿಗೂ ಮನೆಗೆ ಹೋಗುವ ಅವಸರವಿರಲಿಲ್ಲ.

"ಹೊಸ ಗ್ಯಾಲರೀಲಿ ಯಾರಿಗೆ ಎಲ್ಲಿ ಸೀಟು ಅಂತ ಚೀಟಿ ಎತ್ತುತ್ತಾರಂತೆ," ಎಂದ ಅವನು.

"ಕೇಳ್ದೆ."

"ನನಗೆ ಚೀಟಿ ಮೇಲೆ ನಂಬಿಕೆ ಇಲ್ಲ. ಬಾಯಿಬಿಟ್ಟು ಕೇಳಿಬಿಡೋಣ ಅಂತ."

"ಕ್ಲಬ್ಬಿನವರನ್ನಾ?"

"ನಿಮ್ಮನ್ನ."

ಅವಳು ಹುಬ್ಬೇರಿಸಿ, "ಒಂದು ಸೀಟಿಗೆ ಇಷ್ಟು ಪೀಠಿಕೆನಾ?" ಎಂದಳು.

"ಸೀಟಿಗಲ್ಲ." ಅವನು ಮಫ್ಲರಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಇದ್ದ. "ಮ್ಯಾಚ್ ಇಲ್ಲದ ದಿನಗಳೂ ನನಗೆ ನಿಮ್ಮ ಪಕ್ಕ ಬೇಕು. ಸೋಮವಾರ ಬೆಳಿಗ್ಗೆ. ಬುಧವಾರ ಮಧ್ಯಾಹ್ನ. ಯಾರೂ ಗೋಲ್ ಹೊಡೀದೇ ಇರೋ, ಏನೂ ನಡೀದೇ ಇರೋ ದಿನಗಳು. ಅವೆಲ್ಲಾನೂ."

ಅವಳು ಬಹಳ ಹೊತ್ತು ಅವನನ್ನು ನೋಡಿದಳು. ಕನ್ನಡಕದ ಹಿಂದೆ ಅವನ ಕಣ್ಣುಗಳು ತುಸು ಹೆದರಿದ್ದವು. ಗಾಳಿಗೆ ಅವಳ ಕೂದಲು ಹಾರಿ ಅವನ ತೋಳಿಗೆ ತಾಗಿತು. ಅವಳು ಅದನ್ನು ಹಿಂದಕ್ಕೆ ತಳ್ಳಿಕೊಳ್ಳಲಿಲ್ಲ.

"ಬುಧವಾರ ಮಧ್ಯಾಹ್ನ ನನಗೆ ನಾಯಿಗಳ ಲಸಿಕೆ ಇರುತ್ತೆ," ಎಂದಳು.

"ಹೊರಗಡೆ ಕಾಯ್ತೀನಿ."

"ಕಾಯ್ಬೇಡಿ. ನಾಯಿ ಹಿಡ್ಕೊಳ್ಳೋಕೆ ಒಬ್ರು ಬೇಕು. ಒಳಗೇ ಬನ್ನಿ."

ಅರ್ಥವಾಗಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಅವನ ಮುಖದ ತುಂಬ ಹರಡಿದ ನಗು ನೋಡಿ ಅವಳಿಗೂ ನಗು ಬಂತು, ಅದರ ಹಿಂದೆಯೇ ಕಣ್ಣೀರು. ಅವಳು ಕೈ ಚಾಚಿದಳು. ಅವನು ಹಿಡಿದುಕೊಂಡ, ಪೆಟ್ಟಾದ ಹಕ್ಕಿಯನ್ನು ಹಿಡಿಯುವಷ್ಟು ಮೆತ್ತಗೆ. ಅವಳೇ ಬೆರಳು ಬಿಗಿ ಮಾಡಿದಳು.

ದೂರದಲ್ಲಿ ಇವರ ಕಡೆ ತಿರುಗಿ ಏನನ್ನೋ ಕೂಗಲು ಹೊರಟಿದ್ದ ಅಪ್ಪ, ಬಾಯಿ ಮುಚ್ಚಿದರು. ಕುರ್ಚಿಯನ್ನು ಮೆಲ್ಲಗೆ ಗೋಲಿನ ಕಡೆಗೆ ತಿರುಗಿಸಿಕೊಂಡು, ಬಹಳ ಆಸಕ್ತಿಯಿಂದ ಖಾಲಿ ಬಲೆಯನ್ನು ನೋಡತೊಡಗಿದರು.