ಕೂಡಿಸಬಾರದ ಗೆರೆ

“ಟ್ರಂಕಿನಲ್ಲಿರೋ ಆ ಗಂಟು ಮುಟ್ಟಬೇಡ ಕಣಮ್ಮ. ಮುಟ್ಟಿದ್ರೂ ಆ ಹಾಳೆ ಮೇಲೆ ಯಾರ ನೆರಳನ್ನೂ ಬರೀಬೇಡ. ಬರೆದ್ರೂ ಗೆರೆ ಮಾತ್ರ ಕೂಡಿಸಬೇಡ.”

ಅತ್ತೆಯ ಮಾತಿಗೆ ಸೊಸೆ ನಕ್ಕುಬಿಟ್ಟಳು. ಮದುವೆಯಾದ ಮೇಲೆ ಏಳು ವರ್ಷ ಬೇರೆ ಊರಿನಲ್ಲಿದ್ದು, ಗಂಡ ಮತ್ತು ಮಗಳೊಡನೆ ಈ ಮನೆಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ಶಾಲೆಯಲ್ಲಿ ಕರಕುಶಲ ಕಲಿಸುವ ಅವಳನ್ನು ಮಕ್ಕಳು ಕತ್ತರಿ ಟೀಚರ್ ಎನ್ನುತ್ತಿದ್ದರು. ಖಾಲಿ ಡಬ್ಬ, ಒಡೆದ ಬಳೆ, ಹರಿದ ಲಕೋಟೆ, ಏನು ಸಿಕ್ಕರೂ ಅವಳ ಕೈಯಿಂದ ಉಡುಗೊರೆಯಾಗಿ ಹೊರಬೀಳುತ್ತಿತ್ತು. ಅಂಥವಳಿಗೆ ಅತ್ತೆಯೇ ಒಂದು ಒಗಟು. ಹಗಲಿಡೀ ಕಿಟಕಿ ಮುಚ್ಚಿದ ಒಳಕೋಣೆಯಲ್ಲಿ, ಮಂಚದ ಅಂಚಿನಲ್ಲಿ ಕುಳಿತಿರುವವರು. ಮುಟ್ಟಿದರೆ ಕೈ ಬಾವಿಗಲ್ಲಿನಷ್ಟು ತಣ್ಣಗೆ.

“ಬಿಸಿಲಿಗೆ ಬಂದ್ರೆ ಕರಗಿಹೋಗ್ತೀರಾ ಅತ್ತೆ?”

“ಕರಗೋಕೆ ನನ್ನಲ್ಲಿ ಏನು ಉಳಿದಿದೆ ಹೇಳು?”

ಮರುದಿನ ಗಂಡನ ಹುಟ್ಟುಹಬ್ಬ. ಮಗಳ ಮುಖದ ನೆರಳನ್ನು ಕಾಗದದಲ್ಲಿ ಕತ್ತರಿಸಿ, ಚೌಕಟ್ಟು ಹಾಕಿ ಕೊಡಬೇಕೆಂದು ಅವಳ ಆಸೆ. ಬೇರೆ ದಪ್ಪ ಕಾಗದ ಮನೆಯಲ್ಲಿರಲಿಲ್ಲ; ಅಂದು ಇಳಿಹೊತ್ತಿನಲ್ಲಿ ಗಂಟು ಬಿಚ್ಚಿದಳು. ಒದ್ದೆ ಮಸಿಯ ವಾಸನೆ ಮೂಗಿಗೆ ಬಡಿಯಿತು. ಒಂದು ಮಗ್ಗುಲು ಕಾಡಿಗೆಗಪ್ಪು, ಇನ್ನೊಂದು ಮಗ್ಗುಲು ಹಳದಿಗಟ್ಟಿದ ಬಿಳುಪು. ಅಂಥ ಎರಡು ದಪ್ಪ ಹಾಳೆಗಳು. ಅವುಗಳ ಅಡಿಯಲ್ಲಿ, ತುರುಬು ಕಟ್ಟಿದ ಯಾರೋ ತರುಣಿಯ ಮುಖದ ಕಪ್ಪು ಚಿತ್ರ.

‘ಕತ್ತರಿ ಹಿಡಿಯಲು ಬರುತ್ತಿತ್ತು ಯಾರಿಗೋ’ ಎಂದು ಮೆಚ್ಚಿಕೊಂಡು ಅದನ್ನು ಪಕ್ಕಕ್ಕಿಟ್ಟಳು.

ಹಾಳೆಯ ಬಿಳಿ ಮಗ್ಗುಲನ್ನು ಮುಂದೆ ಮಾಡಿ ಗೋಡೆಗೆ ಅಂಟಿಸಿದಳು. ಕಿಟಕಿಯ ಬಿಸಿಲಿಗೆ ಮಗಳನ್ನು ಕೂರಿಸಿದಳು.

“ಅಮ್ಮಾ, ಮೂಗು ತುರಿಸ್ತಿದೆ.”

“ತುರಿಸ್ಕೊಂಡ್ರೆ ನಿಂಗೆ ಆನೆ ಸೊಂಡಿಲು ಬರ್ದುಬಿಡ್ತೀನಿ. ಅಲುಗಬೇಡ.”

ಪೆನ್ಸಿಲ್ ಹಣೆಯಿಂದ ಇಳಿಯಿತು. ಮೂಗು, ತುಟಿ, ಗಲ್ಲ, ಕತ್ತು. ಹಿಂದಲೆಯನ್ನು ಬಳಸಿ ಮತ್ತೆ ಹಣೆಗೆ ಬಂದಿತು. ಬೆರಳಗಲದ ಜಾಗ ಉಳಿದಿತ್ತು. ಅತ್ತೆಯ ಮಾತು ನೆನಪಾಗಿ ತುಟಿಯಂಚಿನಲ್ಲೇ ನಕ್ಕು, ಗೆರೆ ಕೂಡಿಸಿದಳು.

ಗೋಡೆಯೊಳಗೆ ಯಾರೋ ನೀಳವಾಗಿ ಉಸಿರೆಳೆದುಕೊಂಡಂತಾಯಿತು.

ಇಲಿಯಿರಬೇಕೆಂದುಕೊಂಡು ಚಿತ್ರವನ್ನು ಕತ್ತರಿಸಿದಳು. ಅಂಗೈಗೆ ಬಂದ ಕಾಗದ ಜ್ವರದ ಕೆನ್ನೆಯಂತೆ ಬೆಚ್ಚಗಿತ್ತು. ಮಗಳು ಕುರ್ಚಿಯಿಂದ ಜಿಗಿದು ಬಿಸಿಲು ಬಿದ್ದ ನೆಲವನ್ನು ದಾಟಿದಳು. ನೆಲದ ಮೇಲೆ ಕುರ್ಚಿಯ ನೆರಳಿತ್ತು. ಕಿಟಕಿ ಸರಳುಗಳ ನೆರಳಿತ್ತು. ಮಗಳದಿರಲಿಲ್ಲ.

“ಅಮ್ಮಾ, ಚಳಿ.”

ತುಟಿ ನೀಲಿಗಟ್ಟಿತ್ತು. ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಓಡಿದಳು. ಅತ್ತೆ ಕಾಗದವನ್ನು ನೋಡಿದರು. ಬಯ್ಯಲಿಲ್ಲ.

“ಹಿತ್ತಿಲ ಕೋಣೇಲಿ ಹಿಂದೆ ಒಬ್ಬಳು ಬಾಡಿಗೆಗಿದ್ದಳು. ಮಾಟಗಾತಿ. ಹಾಳೆ ಅವಳದು. ನಿನ್ನ ಗಂಡ ತೊಟ್ಟಿಲಲ್ಲಿದ್ದಾಗ ಅವನ ನೆರಳು ಕಟ್ಟಿದಳು. ಹೊತ್ತು ಮುಳುಗೋದರೊಳಗೆ ಬಿಡಿಸದಿದ್ರೆ ಜೀವ ಹೋಗುತ್ತೆ.”

“ಬಿಡಿಸೋದು ಹೇಗೆ?”

“ಇನ್ನೊಂದು ನೆರಳು ಕೊಡಬೇಕು. ಕಿತ್ತುಕೊಂಡರೆ ಸಾವು. ತಾನಾಗಿ ಕೊಟ್ಟೋರಿಗೆ ಜೀವ ಉಳಿಯುತ್ತೆ, ಬಿಸಿಲು ಮಾತ್ರ ಹೋಗುತ್ತೆ.”

ಸೊಸೆ ಅವರ ಕಾಲು ಹಿಡಿದಳು. “ನೀವು ಹೇಗೂ ಹೊರಗೆ ಬರಲ್ಲ ಅತ್ತೆ. ನಿಮ್ಮದು ಕೊಡಿ. ಮೊಮ್ಮಗಳಲ್ವಾ?”

ಅತ್ತೆ ಎದ್ದರು. ಹೊಸ್ತಿಲು ದಾಟಿ, ಕಿಟಕಿಯ ಬಿಸಿಲಿನಲ್ಲಿ ನಿಂತರು. ಮುಖದ ಚರ್ಮ ಕೆಂಡದ ಮೇಲಿಟ್ಟಂತೆ ಕೆಂಪೇರಿತು. ನೆಲ ಬರಿದಾಗಿತ್ತು.

“ಇದ್ದಿದ್ದೇ ಒಂದು ಕಣೇ. ನಿನ್ನ ಗಂಡನಿಗೆ ಕೊಟ್ಟೆ. ಆ ತುರುಬಿನವಳು ನಾನೇ. ಗಂಟನ್ನ ಸುಟ್ರೆ ನಾನೂ ಸುಟ್ಟುಹೋಗ್ತೀನಿ ಅಂತ ಇಟ್ಕೊಂಡಿದ್ದೆ.”

ಬಿಸಿಲು ಗೋಡೆಯ ತುದಿಗೇರುತ್ತಿತ್ತು. ಮಗು ನಡುಗುವುದನ್ನೂ ನಿಲ್ಲಿಸಿತು. ಸೊಸೆ ಅದನ್ನು ನೆಲದ ಮೇಲೆ ಮಲಗಿಸಿ, ಉಳಿದಿದ್ದ ಕೊನೆಯ ಹಾಳೆಯನ್ನು ಗೋಡೆಗೆ ಅಂಟಿಸಿದಳು. ಅದರ ಮುಂದೆ ನಿಂತಳು. ಪೆನ್ಸಿಲನ್ನು ಅತ್ತೆಯ ಕೈಗಿಟ್ಟಳು. ಕೂದಲು ಸುಟ್ಟ ವಾಸನೆ. ಅತ್ತೆಯ ಬೆರಳುಗಳ ಮೇಲೆ ಬೊಬ್ಬೆ. ಗೆರೆ ಹಣೆಯಿಂದ ಇಳಿಯಿತು. ಗಲ್ಲ. ಕತ್ತು. ಹಿಂದಲೆ. ಬೆರಳಗಲ ಉಳಿಯಿತು. ಕೈ ನಿಂತಿತು.

“ಕೂಡಿಸಲಾ?”

ಮಗಳ ಎದೆ ಏರಲಿಲ್ಲ. ಇಳಿಯಲಿಲ್ಲ.

“ಕೂಡಿಸಿ ಅತ್ತೆ.”

ಗೋಡೆ ಉಸಿರೆಳೆದುಕೊಂಡಿತು. ಮಗಳು ಕೆಮ್ಮಿದಳು.

ಮರುದಿನ ಗಂಡನಿಗೆ ಚೌಕಟ್ಟು ಸಿಗಲಿಲ್ಲ. ಪೇಟೆಯಿಂದ ತಂದ ಶರಟು ಸಿಕ್ಕಿತು. ಶಾಲೆಗೆ ರಜೆಯ ಪತ್ರ ಹೋಯಿತು. ಅಂಗಳದಲ್ಲಿ ಮಗಳು ತನ್ನ ನೆರಳನ್ನು ತಾನೇ ತುಳಿಯುತ್ತಾ ಕುಣಿಯುತ್ತಿದ್ದಳು. ಬೆವರಿ ಒಳಗೋಡಿ ಬಂದವಳ ಹಣೆಯನ್ನು ಒರೆಸಲು ತಾಯಿ ಕೈ ಚಾಚಿದಳು. ಮಗು ಹಿಂದೆ ಸರಿಯಿತು.

“ಬೇಡಮ್ಮ. ನಿನ್ನ ಕೈ ಅಜ್ಜಿ ಕೈ ಥರ ಇದೆ.”

ಹೇಳಿ ಬಿಸಿಲಿಗೆ ಓಡಿತು. ತಾಯಿ ಹೊಸ್ತಿಲವರೆಗೆ ಹೋಗಿ ನಿಂತಳು. ಒಳಕೋಣೆಯ ಕತ್ತಲಲ್ಲಿ ಮಂಚ ಕಿರುಗುಟ್ಟಿತು. ಅತ್ತೆ ಕೊಂಚ ಸರಿದು, ಪಕ್ಕದಲ್ಲಿ ಅವಳಿಗೊಂದಿಷ್ಟು ಜಾಗ ಮಾಡಿದ್ದರು.