ತೊಟ್ಟಿಲಲ್ಲಿ ಮೊದಲು ಮಲಗಿಸಿದ ಕಲ್ಲು

ನೋಡಿದ್ದನ್ನಷ್ಟೇ ಬರೆಯುತ್ತೇನೆ. ನಾನು ತಪ್ಪು ತಿಳಿದಿರಲೂಬಹುದು.

ವಾಮಂಜೂರಿನ ನಮ್ಮ ಮನೆಯಲ್ಲಿ ಅಂದು ತಂಗಿ ಅಕ್ಷಿತಾಳ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮರದ ತೊಟ್ಟಿಲನ್ನು ತಂದವರು ಅವಳ ಗಂಡ, ಸ್ಕಾಟ್ಲೆಂಡಿನಲ್ಲಿ ನರ್ಸ್ ಆಗಿರುವ ಲತೇಶ್ ಭಾವ. ಅಲ್ಲಿನ ಹಳ್ಳಿಯ ರೈತರೊಬ್ಬರ ಮನೆಯಲ್ಲಿ ನೂರೈವತ್ತು ವರ್ಷಗಳ ಹಿಂದೆ ಮಾಡಿಸಿದ್ದಂತೆ. ಎಷ್ಟು ಒರೆಸಿದರೂ ಸುಟ್ಟ ಮಣ್ಣಿನ ವಾಸನೆ ಹೋಗಿರಲಿಲ್ಲ. ಏಪ್ರಿಲ್ ಸೆಕೆಯಲ್ಲೂ ಮರ ತಣ್ಣಗಿತ್ತು.

ನಮ್ಮಲ್ಲಿ ಮಗುವಿಗಿಂತ ಮೊದಲು ಮಸಾಲೆ ಕಡೆಯುವ ಕಲ್ಲಿನ ಗುಂಡನ್ನು ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ.

"ಫಾರಿನ್ ತೊಟ್ಟಿಲಿಗೂ ಕಲ್ಲು ಬೇಕಾ ಅತ್ತೆ?" ಭಾವ ನಕ್ಕರು.

"ನೀವು ಸುಮ್ಮನಿರಿ ಮಾರಾಯ್ರೆ," ಎನ್ನುತ್ತಾ ಅಮ್ಮ ಗುಂಡನ್ನು ಮಲಗಿಸಿ ತೂಗಿದರು.

ಅದನ್ನು ಎತ್ತುವ ಕೆಲಸ ನನ್ನದು. ಕಲ್ಲು ನಿದ್ದೆಹೋದ ಮಗುವಿನ ಮೈಯಂತೆ ಬೆಚ್ಚಗಿತ್ತು. ನನ್ನ ಕೈಯದೇ ಬಿಸಿಯಿರಬೇಕು ಅಂದುಕೊಂಡೆ. ಆದರೆ ಎತ್ತಿದ ಮೇಲೂ ತೊಟ್ಟಿಲ ಹಾಸಿಗೆಯಲ್ಲಿ ಬಿದ್ದ ತಗ್ಗು ಮೇಲೇಳಲಿಲ್ಲ. ಮುಟ್ಟಿದರೆ ಒದ್ದೆ.

ಅಕ್ಷಿತಾ ಮಗುವನ್ನು ಮಲಗಿಸಲು ಬಗ್ಗಿದಳು. ನಾನು ಕೈ ಅಡ್ಡ ಹಿಡಿದೆ.

"ಎಂತ ಅಣ್ಣ, ಮುಹೂರ್ತ ದಾಟ್ತದೆ!"

"ಇದರಲ್ಲಿ ಬೇಡ."

ಎಲ್ಲರೂ ನನ್ನನ್ನು ಬೈದರು. ಕೊನೆಗೆ ಮಗುವನ್ನು ಸೀರೆಯ ತೊಟ್ಟಿಲಲ್ಲಿ ಮಲಗಿಸಿದರು.

ಮರದ ತೊಟ್ಟಿಲನ್ನು ಒಳಗಿಡಲು ಭಾವ ಬಗ್ಗಿದರು. ಬೆಳಿಗ್ಗೆ ಅವರೊಬ್ಬರೇ ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಈಗ ಖಾಲಿ ತೊಟ್ಟಿಲನ್ನು ನಾವಿಬ್ಬರು ಸೇರಿ ಎತ್ತಿದರೂ ಅದು ನೆಲ ಬಿಡಲಿಲ್ಲ.